ಮರ್ತೆಲ್ ಹಿಡಿದ ಚೆಂಡು ಮತ್ತು ಅದರ ಇಬ್ಬರು ಸಾಕ್ಷಿಗಳು

ಸಭೆಯ ಅಧ್ಯಕ್ಷತೆ ವಹಿಸಿರುವ, ಇಲ್ಲಿರುವ ಅರ್ಧದಷ್ಟು ಜನಕ್ಕೆ ಅಕ್ಷರ ಕಲಿಸಿದ ಮತಿಲ್ಡೆ ಟೀಚರೇ, ಎದೆಗೆ ಕೆಂಪು ರಿಬ್ಬನ್ ಸಿಕ್ಕಿಸಿಕೊಂಡು, ಗೆದ್ದವರು ನಗಬೇಕಾದ್ದಕ್ಕಿಂತ ಹೆಚ್ಚಾಗಿಯೇ ನಗುತ್ತಿರುವ ಇಂದಿನ ಸನ್ಮಾನಿತರೇ, ಭಾನುವಾರದ ಬೆಳಗ್ಗೆ ಒಲೆಯ ಮೇಲೆ ಹಂದಿಮಾಂಸ ಬಿಟ್ಟು ಈ ಹಳೆಯ ಸಿನಿಮಾ ಮಂದಿರಕ್ಕೆ ಬಂದಿರುವ ಸಭಿಕರೇ,

ಮೈಕು ಈಗ ಕೆಲಸ ಮಾಡುತ್ತಿದೆ. ಕರೆಂಟು ಹೋದರೆ ಚಿಂತೆಯಿಲ್ಲ. ಉದ್ಯಾನದ ಬೆಂಚಿನ ಮೇಲೆ ಮೂವತ್ತಾರು ವರ್ಷ ಕೂಗಾಡಿದ ಗಂಟಲು ಇದು. ಬಾಲ್ಕನಿಗೂ ಕೇಳಿಸುತ್ತದೆ.

ಆ ಬೆಂಚಿನಲ್ಲಿ ಬೇಸ್‌ಬಾಲ್ ವಾದ ಮಾಡುವ ನಮ್ಮ ಸಂಘದ ನಿಯಮ ನಿಮಗೆ ಗೊತ್ತೇ ಇದೆ. ವರ್ಷಕ್ಕೊಮ್ಮೆ ಊರಿನ ಅತ್ಯುತ್ತಮ ವಾದಿಯನ್ನು ಮತ ಹಾಕಿ ಆರಿಸುತ್ತೇವೆ. ಎರಡನೆಯ ಸ್ಥಾನಕ್ಕೆ ಬಂದವನು ಗೆದ್ದವನ ಅಭಿನಂದನಾ ಭಾಷಣ ಮಾಡಬೇಕು. ಈ ನಿಯಮವನ್ನು ಬರೆದವರು ಯಾರು? ನಾನೇ. ಯಾಕೆ ಬರೆದೆ? ಪ್ರತಿವರ್ಷ ನಾನೇ ಗೆಲ್ಲುತ್ತೇನೆಂಬ ನಂಬಿಕೆಯಿಂದ. ಈ ಸಲ ನಲವತ್ತೊಂದು ಮತ ಅವನಿಗೆ, ಮೂವತ್ತೊಂಬತ್ತು ನನಗೆ. ಆ ನಲವತ್ತೊಂದರಲ್ಲಿ ಒಂದು ಮತ ನನ್ನ ಹೆಂಡತಿ ದೆಲ್ಫಿನಾಳದು. ಅವಳು ಅದನ್ನು ಮುಚ್ಚಿಡಲಿಲ್ಲ.

ಆದ್ದರಿಂದ ಅರ್ಕಾದಿಯೋ ಬಾರ್ಸೆನಾ ಎಂಬ ನಾನು, ವೃತ್ತಿಯಿಂದ ಗಡಿಯಾರ ರಿಪೇರಿ ಮಾಡುವವನು, ಈ ಊರಿನ ಕಬ್ಬಿನ ರೈಲನ್ನು ಇಪ್ಪತ್ತೆಂಟು ವರ್ಷ ಓಡಿಸಿದ ನಿಸೆಫೊರೊ ಅಲ್ಫಾರೊ ಅವರನ್ನು ಹೊಗಳಲು ನಿಂತಿದ್ದೇನೆ. ಸೆಫೊ ಎಂದೇ ಕರೆಯುತ್ತೇನೆ. 'ಅವರು' ಎಂದರೆ ನಾಲಿಗೆ ಸೆಟೆದುಕೊಳ್ಳುತ್ತದೆ.

ಕ್ಯೂಬಾದ ಯಾವ ಊರಿಗೆ ಹೋದರೂ ಇಂಥದೊಂದು ಬೆಂಚು ಸಿಗುತ್ತದೆ. ಎಲ್ಲ ಕಡೆಯೂ ಪ್ರಶ್ನೆ ಒಂದೇ, ಬೇಸ್‌ಬಾಲಿನಲ್ಲಿ ಅತ್ಯುತ್ತಮ ಆಟಗಾರ ಯಾರು? ಬೇರೆ ಊರುಗಳಲ್ಲಿ ಹತ್ತು ಹೆಸರುಗಳಿರಬಹುದು. ನಮ್ಮಲ್ಲಿ ಎರಡೇ. ಇಬ್ಬರೂ ನಮ್ಮ ಸಕ್ಕರೆ ಕಾರ್ಖಾನೆಯ ತಂಡದವರೇ. ಒಬ್ಬ ರುಪೆರ್ತೊ ಸಲಾಸ್, ಬ್ಯಾಟು ಬೀಸಿದರೆ ಚೆಂಡು ಮೈದಾನದಲ್ಲಿ ನಿಲ್ಲುತ್ತಿರಲಿಲ್ಲ. ಇನ್ನೊಬ್ಬ ಎಲಿಹಿಯೊ ಮರ್ತೆಲ್, ಚೆಂಡು ಎಲ್ಲಿ ಬಿದ್ದರೂ ಕೆಳಗೆ ಅವನ ಕೈ ಇರುತ್ತಿತ್ತು. ಸೆಫೊ ಸಲಾಸನ ಪಕ್ಷ, ನಾನು ಮರ್ತೆಲ್‌ನ ಪಕ್ಷ. ಮಧ್ಯಾಹ್ನ ನಾಲ್ಕಕ್ಕೆ ಶುರು, ಆರಕ್ಕೆ ಮುಕ್ತಾಯ.

ಸಭಿಕರೇ, ಸೆಫೊನ ವಾದಕೌಶಲಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸಲಾಸ್ ಹೊಡೆದ ಅತಿ ಉದ್ದದ ಹೋಮ್ ರನ್ ಎಷ್ಟು ದೂರ ಹೋಯಿತು ಎಂದು ಒಮ್ಮೆ ಚರ್ಚೆಯಾಯಿತು. ನಾನು ಅಡಿ ಲೆಕ್ಕದಲ್ಲಿ ಹೇಳಿದೆ. ಸೆಫೊ ಎದ್ದು ನಿಂತ. "ಅಡಿ ಗಿಡಿ ಬಿಡು. ಆ ಚೆಂಡು ಗೋಡೆ ದಾಟಿ ನನ್ನ ಕಬ್ಬಿನ ಬೋಗಿಯೊಳಗೆ ಬಿತ್ತು. ನಾನು ಬಂದರಿನವರೆಗೂ ಗಾಡಿ ನಿಲ್ಲಿಸ್ಲಿಲ್ಲ. ನಲವತ್ತೆರಡು ಕಿಲೋಮೀಟರ್. ಬೇಕಾದ್ರೆ ಹಳಿ ಅಳ್ದು ನೋಡು" ಅಂದ. ಕಬ್ಬು ಹೋಗುವುದು ಕಾರ್ಖಾನೆಗೆ, ಬಂದರಿಗಲ್ಲ ಎಂದು ನನಗೆ ಹೊಳೆದದ್ದು ಮನೆಗೆ ಹೋಗಿ ಕಾಲು ತೊಳೆಯುವಾಗ. ಅಷ್ಟರಲ್ಲಿ ಜನ ಚಪ್ಪಾಳೆ ತಟ್ಟಿ ಚದುರಿದ್ದರು. ಇದು ವಾದವೇ? ಅಲ್ಲ. ಆದರೆ ಮತ ಬೀಳುವುದು ಇಂಥದಕ್ಕೇ.

ನನ್ನ ಕೈಯಲ್ಲಿದ್ದ ದೊಡ್ಡ ಅಸ್ತ್ರ ಒಂದೇ. ಅದನ್ನು ನೀವೆಲ್ಲ ನೂರು ಸಲ ಕೇಳಿದ್ದೀರಿ. ಮೂವತ್ತನಾಲ್ಕು ವರ್ಷಗಳ ಹಿಂದೆ ಕಮಗ್ವೇ ಕಡೆಯ ಕಾರ್ಖಾನೆಯ ತಂಡದ ಮೇಲೆ ನಮ್ಮ ಮೈದಾನದಲ್ಲೇ ನಡೆದ ಅಂತಿಮ ಪಂದ್ಯ. ಒಂಬತ್ತನೇ ಇನಿಂಗ್ಸ್, ಅವರ ಕೊನೆಯ ಔಟ್ ಬಾಕಿ. ನಾವು ಒಂದೇ ಒಂದು ರನ್ ಮುಂದೆ. ಚೆಂಡು ಮರ್ತೆಲ್‌ನ ತಲೆಯ ಮೇಲೆ ಹಾರಿಹೋಯಿತು. ಅವನು ಚೆಂಡಿಗೆ ಬೆನ್ನು ಹಾಕಿ ಓಡಿದ. ಹಿಂದಿರುಗಿ ನೋಡಲಿಲ್ಲ. ಗೋಡೆಯ ಬುಡದಲ್ಲಿ ಗ್ಲೌಸು ಚಾಚಿ, ಕಣ್ಣು ಕಟ್ಟಿಕೊಂಡವನು ಮರದಿಂದ ಮಾವಿನಹಣ್ಣು ಕೀಳುವ ಹಾಗೆ ಕಿತ್ತುಕೊಂಡ.

ನಮ್ಮ ಬೆಂಚಿನಲ್ಲಿ ಕಣ್ಣಾರೆ ನೋಡಿದವನ ಮಾತಿಗೆ ಹೆಚ್ಚು ತೂಕ. ಅಂದು ನಾನು ಮೂರನೇ ಸಾಲಿನಲ್ಲಿ ಕುಳಿತಿದ್ದೆ ಎಂದು ಹೇಳುತ್ತಿದ್ದೆ. ನೋಡದೆ ನೋಡಿದೆ ಅಂದವನಿಗೆ ಒಂದು ವರ್ಷ ಬೆಂಚಿನಿಂದ ಬಹಿಷ್ಕಾರ. ಆ ನಿಯಮವನ್ನೂ ಬರೆದವನು ನಾನೇ. ನನಗೆ ನಿಯಮ ಬರೆಯುವ ಚಟ ಇದೆ.

ಇದಕ್ಕೆ ಸೆಫೊ ಏನನ್ನುತ್ತಿದ್ದ? "ನಾನೂ ಅಲ್ಲೇ ಇದ್ದೆ ಮಾರಾಯ. ಆವತ್ತು ಎದುರುಗಾಳಿ. ಚೆಂಡು ಸುಸ್ತಾಗಿ ಪಾರಿವಾಳದ ಹಾಗೆ ಬಂದು ಗ್ಲೌಸಲ್ಲಿ ಕೂತ್ಕೊಂಡ್ತು. ಮಾವಿನಹಣ್ಣು ಕಿತ್ತ ಹಾಗಿತ್ತು, ಒಪ್ಕೋತೀನಿ. ಆದ್ರೆ ಅದು ತಾನಾಗೇ ಉದುರೋ ಹಣ್ಣು."

ಈಗ ಒಂದು ವಿಷಯ ಹೇಳಬೇಕಾಗಿದೆ. ಹೇಳಬೇಕೆಂದು ಬಂದಿರಲಿಲ್ಲ. ಜೇಬಿನಲ್ಲಿರುವ ಚೀಟಿಯಲ್ಲಿ ಬೇರೆಯೇ ಭಾಷಣವಿದೆ, ಅದರಲ್ಲಿ ಮೂರು ಒಳ್ಳೆಯ ಹಾಸ್ಯಗಳೂ ಇವೆ. ಇರಲಿ.

ಕಳೆದ ಗುರುವಾರ ಬೆಳಗ್ಗೆ ದೆಲ್ಫಿನಾ ಈ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದೆ. ಮರ್ತೆಲ್ ಬೆನ್ನು ಹಾಕಿ ಓಡುವ ಕಡೆ ಬಂದಾಗ ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು.

"ಏ ಮುದುಕ, ಆ ಚೆಂಡಿನ ಕತೆ ವೇದಿಕೆ ಮೇಲೆ ಹೇಳ್ಬೇಡ."

"ಯಾಕೆ?"

"ನೀನು ನೋಡಿಲ್ವಲ್ಲ."

ಸಭಿಕರೇ, ಇದು ಅವಳಿಗೆ ಗೊತ್ತಿರುವುದು ಸಹಜ. ಯಾಕೆಂದರೆ ಆ ಮಧ್ಯಾಹ್ನ ನಾನು ಮೈದಾನದಲ್ಲಿ ಇಲ್ಲದ್ದಕ್ಕೆ ಅವಳೇ ಕಾರಣ. ಟಿಕೆಟ್ಟು ನನ್ನ ಜೇಬಿನಲ್ಲಿತ್ತು, ಮೂರನೇ ಸಾಲು ಎಂಬುದು ಸುಳ್ಳಲ್ಲ. ಪಂದ್ಯ ಶುರುವಾಗುವ ಹೊತ್ತಿಗೆ, ಎರಡು ವಾರ ಮೊದಲೇ ಅವಳಿಗೆ ಹೆರಿಗೆ ನೋವು ಬಂತು. ಮೈದಾನದ ಹಿಂದಿನ ಬೀದಿಯಲ್ಲಿದ್ದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ವಲ್ಪ ಹೊತ್ತಿಗೆ ದಾದಿ ಹೊರಗೆ ಬಂದು, ರಕ್ತ ನಿಲ್ಲುತ್ತಿಲ್ಲ, ನಿಮ್ಮ ರಕ್ತ ಯಾವ ಗುಂಪು ಎಂದು ಕೇಳಿದಳು. ನನ್ನದು ಹೊಂದಲಿಲ್ಲ. ಅವಳದು ಓ ನೆಗೆಟಿವ್, ಅದನ್ನೇ ಕೊಡಬೇಕು, ಆಸ್ಪತ್ರೆಯಲ್ಲಿ ಇರಲಿಲ್ಲ. ಹುಡುಕುತ್ತೇವೆ ಎಂದು ಹೇಳಿ ಬಾಗಿಲು ಹಾಕಿಕೊಂಡಳು.

ಆಗ ನಾನು ಏನು ಮಾಡಿದೆ? ಪ್ರಾರ್ಥನೆ ಮಾಡಿದೆನೇ? ಅತ್ತೆನೇ? ಬಾಗಿಲ ಮುಂದೆ ಕಾದು ನಿಂತೆನೇ? ಮೊದಲು ನಿಂತೆ. ಆಮೇಲೆ ನಿಲ್ಲಲಾಗಲಿಲ್ಲ. ಕಾಲು ತಾನಾಗಿ ನಡೆದು ಕಾವಲುಗಾರನ ಕೋಣೆಯ ಹತ್ತಿರ ಹೋಯಿತು. ಅಲ್ಲಿ ರೇಡಿಯೋ ಇತ್ತು. ಹೆಂಡತಿ ಒಳಗೆ ಸಾವಿನ ಬಾಯಲ್ಲಿ, ನಾನು ರೇಡಿಯೋಗೆ ಕಿವಿಯಿಟ್ಟು ಎಂಟನೇ ಇನಿಂಗ್ಸ್ ಕೇಳುತ್ತಿದ್ದೆ. ಆ ಶಬ್ದ ಇಲ್ಲದಿದ್ದರೆ ಒಳಗಿನ ಮೌನ ಕೇಳಿಸುತ್ತಿತ್ತು. ಅದು ನನ್ನಿಂದ ಆಗುತ್ತಿರಲಿಲ್ಲ. ಮರ್ತೆಲ್ ಚೆಂಡು ಹಿಡಿದಾಗ ನಾನು ಕಿರುಚಿದೆ. ತಿರುಗಿದರೆ ದಾದಿ ನಿಂತಿದ್ದಳು. "ಎಲ್ಲೆಲ್ಲ ಹುಡುಕಲಿ ನಿಮ್ಮನ್ನ? ಹೆಣ್ಣುಮಗು. ತಾಯಿನೂ ಉಳ್ಕೊಂಡ್ಲು. ರಕ್ತ ಸಿಕ್ತು" ಅಂದಳು. ಎಲ್ಲಿಂದ ಸಿಕ್ಕಿತು ಎಂದು ನಾನು ಕೇಳಲಿಲ್ಲ. ಆ ದಿನವೂ ಕೇಳಲಿಲ್ಲ, ಮೂವತ್ತನಾಲ್ಕು ವರ್ಷವೂ ಕೇಳಲಿಲ್ಲ.

ಮಾರನೇ ದಿನ ಬೆಂಚಿನಲ್ಲಿ ಎಲ್ಲರೂ ಆ ಚೆಂಡಿನ ಬಗ್ಗೆಯೇ ಮಾತಾಡುತ್ತಿದ್ದರು. ಯಾರೋ "ನೀನೂ ನೋಡ್ದೆ ಅಲ್ವಾ?" ಅಂದರು. ನನ್ನ ಕತ್ತು ತಾನಾಗಿ ಆಡಿತು. ಮಗು ಯಾವಾಗ ಹುಟ್ಟಿತು ಎಂದು ಕೇಳಿದರು. ಸಂಜೆ ಏಳಕ್ಕೆ ಎಂದೆ. ನಾಲ್ಕನೇ ಸಾಲಿನಲ್ಲಿ ಕುಳಿತಿರುವ ನನ್ನ ಮಗಳು ಯಾನೆಲಿಸ್, ನೀನು ಹುಟ್ಟಿದ್ದು ಸಂಜೆ ಏಳಕ್ಕಲ್ಲಮ್ಮ, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಊರಿಗೆಲ್ಲ ಸರಿಯಾದ ಸಮಯ ಹೇಳಿದ ಗಡಿಯಾರದವನು ಸ್ವಂತ ಮಗಳಿಗೆ ತಪ್ಪು ಸಮಯ ಹೇಳಿದೆ.

ಇಸ್ತ್ರಿಪೆಟ್ಟಿಗೆಯ ಹತ್ತಿರ ಹಿಂದಿರುಗೋಣ. ನಾನು ದೆಲ್ಫಿನಾಗೆ, "ನೋಡಿಲ್ಲ ಅನ್ನೋದು ನಮ್ಮಿಬ್ಬರಿಗೆ ಮಾತ್ರ ತಾನೇ ಗೊತ್ತು" ಎಂದೆ.

"ಸೆಫೊಗೂ ಗೊತ್ತು."

"ಹೇಗೆ?"

"ಆವತ್ತು ರಕ್ತ ಕೊಟ್ಟೋನು ಅವನೇ ಅಲ್ವಾ. ಮೈದಾನದ ಮೈಕಲ್ಲಿ ಕೂಗಿದ್ರಂತೆ, ಓ ನೆಗೆಟಿವ್ ಇರೋರು ತಕ್ಷಣ ಬನ್ನಿ ಅಂತ. ಎದ್ದು ಬಂದ. ಕಾವಲುಗಾರನ ಪಕ್ಕದ ಕೋಣೆಯಲ್ಲಿ ಮಲಗಿಸಿದ್ರು. ಕಿಟಕಿಯಿಂದ ನೀನು ರೇಡಿಯೋಗೆ ಅಂಟ್ಕೊಂಡು ನಿಂತಿದ್ದು ಕಾಣ್ತಿತ್ತಂತೆ. ಬಾಣಂತಿಗೆ ಕೋಳಿ ಸಾರು ತಂದಾಗ ಅವನ ಹೆಂಡತಿ ಹೆರ್ಮಿನಿಯಾ ಹೇಳಿದ್ಲು."

"ಮೂವತ್ತನಾಲ್ಕು ವರ್ಷದಿಂದ ನಿನಗೆ ಗೊತ್ತಾ? ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವಿಬ್ರೂ ರಾಜಿ ಆಗ್ಬಿಡ್ತಿದ್ರಿ. ಆಮೇಲೆ ದಿನಾ ನಾಲ್ಕು ಗಂಟೆಗೆ ನೀನು ಮನೇಲಿರ್ತಿದ್ದೆ. ಹೆರ್ಮಿನಿಯಾಗೂ ಅದೇ ಭಯ."

ಮಹಿಳೆಯರ ಸಾಲಿನಲ್ಲಿ ಯಾರೋ ತುಂಬಾ ನಗುತ್ತಿದ್ದಾರೆ. ನಗಿ.

ನಾನು ಚಪ್ಪಲಿ ಮೆಟ್ಟಿ ನೇರ ಸೆಫೊನ ಮನೆಗೆ ಹೋದೆ. ದಾರಿಯಲ್ಲಿ ಗಡಿಯಾರದವನ ಲೆಕ್ಕಾಚಾರ ಶುರುವಾಯಿತು. ಅವನು ನನ್ನನ್ನು ಆಸ್ಪತ್ರೆಯಲ್ಲಿ ಕಂಡಿದ್ದರೆ ಅವನೂ ಆಸ್ಪತ್ರೆಯಲ್ಲಿದ್ದ. ಅವನೂ ಆಸ್ಪತ್ರೆಯಲ್ಲಿದ್ದರೆ ಚೆಂಡನ್ನು ಅವನೂ ನೋಡಿಲ್ಲ. ನನ್ನ ಬಾಯಲ್ಲೂ ಅವನ ಬಾಯಲ್ಲೂ ಅದೇ ಮಾವಿನಹಣ್ಣು ಹೇಗೆ ಬಂತು? ಅದು ರೇಡಿಯೋದಲ್ಲಿ ಆಟ ವರ್ಣಿಸುತ್ತಿದ್ದವನ ಮಾವಿನಹಣ್ಣು. ಒಂದು ಗೋಡೆಯ ಈ ಕಡೆ ನಾನು, ಆ ಕಡೆ ಅವನು, ಮಧ್ಯೆ ಒಂದು ರೇಡಿಯೋ. ಸಭಿಕರೇ, ಮೂವತ್ತನಾಲ್ಕು ವರ್ಷ ನಾವಿಬ್ಬರೂ ನಿಮ್ಮ ಮುಂದೆ, ಇಬ್ಬರೂ ನೋಡದ ಒಂದು ಚೆಂಡಿಗಾಗಿ ಹೊಡೆದಾಡಿದ್ದೇವೆ. ಶಿಕ್ಷೆ ಸಂಘ ತೀರ್ಮಾನಿಸಲಿ. ಇಬ್ಬರಿಗೂ ಒಟ್ಟಿಗೆ ಕೊಡಿ, ಅಷ್ಟೇ ನನ್ನ ಬೇಡಿಕೆ.

ಸೆಫೊ ಹಿತ್ತಲಲ್ಲಿ ಕಾಫಿ ಕುಡಿಯುತ್ತಿದ್ದ. ನಾನು ಎಂದೂ ಅವನ ಮನೆಗೆ ಹೋದವನಲ್ಲ. ಮುಖ ನೋಡಿದೊಡನೆ ಅವನಿಗೆ ಗೊತ್ತಾಯಿತು. ಇನ್ನೊಂದು ಲೋಟ ತರಿಸಿದ.

ನಾನು ಕೇಳಿದೆ, "ಅಂತಿಮ ಪಂದ್ಯದ ಏಳನೇ ಇನಿಂಗ್ಸ್‌ನಲ್ಲಿ ಎದ್ದು ಹೋದೆಯಾ?"

"ಆರನೇದು" ಎಂದ. "ಏಳನೇದಕ್ಕೆ ಸೂಜಿ ಚುಚ್ಚಿಯಾಗಿತ್ತು. ಅಂಕಿಸಂಖ್ಯೆ ಸರಿಯಾಗಿಟ್ಕೋ."

"ಆಗ ರನ್ ಸಮ ಇತ್ತು. ಸಲಾಸ್ ಬ್ಯಾಟಿಗೆ ಬರೋನಿದ್ದ."

"ಬಂದ. ಹೊಡೆದ. ಗೇಟು ದಾಟುವಾಗ ಜನ ಕೂಗಿದ್ದು ಕೇಳಿಸ್ತು. ತಿರುಗಿ ನೋಡ್ಲಿಲ್ಲ."

"ಯಾರಿಗೆ ಅಂತ ಗೊತ್ತಿತ್ತಾ?"

"ಎಲ್ಲಿ ಗೊತ್ತು? ನಿನ್ನ ಹೆಂಡತಿಗೆ ಅಂತ ಗೊತ್ತಿದ್ರೆ ಆ ಹೊಡೆತ ನೋಡ್ಕೊಂಡೇ ಬರ್ತಿದ್ದೆ."

ಹಾಗೆಂದು ಹೇಳಿ ಲೋಟದೊಳಗೆ ನೋಡುತ್ತಾ ಕುಳಿತ. ಕೊನೆಗೆ, "ಎದುರುಗಾಳಿ ಎಲ್ಲಿಂದ ತಂದೆ?" ಎಂದೆ.

"ಆಸ್ಪತ್ರೆ ಕಿಟಕಿಯ ಪರದೆ ಹಾರ್ತಿತ್ತಲ್ಲ."

"ನಾನು ಅಲ್ಲಿರ್ಲಿಲ್ಲ ಅಂತ ಒಂದು ಮಾತು ಅಂದಿದ್ರೆ ಮೂವತ್ತನಾಲ್ಕು ವರ್ಷದ ಹಿಂದೆನೇ ಗೆಲ್ತಿದ್ದೆಯಲ್ಲೋ."

"ಗೆದ್ದು? ರಕ್ತದ ವಿಷಯ ಹೊರಗೆ ಬರ್ತಿತ್ತು. ನೀನು ಮರ್ಯಾದೆಗೆ ಸಲಾಸನೇ ದೊಡ್ಡೋನು ಅಂತಿದ್ದೆ. ಮರ್ಯಾದೆಗೆ ಒಪ್ಪಿಕೊಳ್ಳೋನ ಜೊತೆ ಏನಂತ ಮಾತಾಡ್ಲಿ ನಾನು? ಕಾಫಿ ಆರ್ತಿದೆ, ಕುಡಿ."

ಕುಡಿದೆ. ಆಮೇಲೆ ನಾವು ಏನು ಮಾಡಿದೆವು? ಅಪ್ಪಿಕೊಂಡೆವೇ? ಇಲ್ಲ. ಸಲಾಸ್ ಎಡಗೈಯಲ್ಲಿ ಚೆಂಡೆಸೆಯುವ ಪಿಚರುಗಳ ಎದುರು ತಡವರಿಸುತ್ತಿದ್ದನೋ ಇಲ್ಲವೋ ಎಂದು ಒಂದೂವರೆ ಗಂಟೆ ಕಿತ್ತಾಡಿದೆವು. ಹೆರ್ಮಿನಿಯಾ ಬಂದು ಇಬ್ಬರನ್ನೂ ಹೊರಗೆ ಹಾಕಿದಳು.

ಆದ್ದರಿಂದ ಸೆಫೊ, ಈ ಸಭೆಯ ಎದುರು ಹೇಳುತ್ತಿದ್ದೇನೆ. ಮರ್ತೆಲ್‌ನ ಆ ಚೆಂಡನ್ನು ನನ್ನ ವಾದದಿಂದ ಇಂದು ಹಿಂತೆಗೆದುಕೊಂಡಿದ್ದೇನೆ. ಬೇರೆ ಹನ್ನೊಂದು ವರ್ಷಗಳ ಆಟವಿದೆ, ಅದನ್ನು ನಾನು ನಿಜವಾಗಿಯೂ ನೋಡಿದ್ದೇನೆ, ಸಾಕಷ್ಟಾಗುತ್ತದೆ. ನನ್ನ ಹೆಂಡತಿ ಇಷ್ಟು ವರ್ಷ ಸಲಾಸನ ಪಕ್ಷ ಯಾಕೆ ವಹಿಸುತ್ತಿದ್ದಳೆಂದೂ ಈಗ ಗೊತ್ತಾಯಿತು. ಮೈಯಲ್ಲಿ ನಿನ್ನ ರಕ್ತ ಹೊಕ್ಕಿದ್ದರೆ ಅವಳೇನು ಮಾಡಿಯಾಳು? ನನ್ನ ಮೈಯಲ್ಲಿ ಅದು ಒಂದು ತೊಟ್ಟೂ ಇಲ್ಲ. ನಾನು ಮರ್ಯಾದೆಗೆ ಒಪ್ಪುವವನಲ್ಲ, ಭಯಪಡಬೇಡ.

ಟೀಚರು ಗಡಿಯಾರ ನೋಡುತ್ತಿದ್ದಾರೆ. ಅದು ನಾನೇ ರಿಪೇರಿ ಮಾಡಿದ ಗಡಿಯಾರ, ಐದು ನಿಮಿಷ ಮುಂದಿದೆ. ಮುಗಿಸುತ್ತೇನೆ.

ಗುರುವಾರ ಆ ಹಿತ್ತಲಲ್ಲಿ ಕುಳಿತಾಗ ಒಂದು ಮಾತು ಹೇಳಬೇಕೆಂದೇ ಹೋಗಿದ್ದೆ. ಗಂಟಲವರೆಗೂ ಬಂತು, ಎಡಗೈ ಪಿಚರುಗಳ ಹೆಸರೆತ್ತಿ ನುಂಗಿಕೊಂಡೆ. ನಮ್ಮಿಬ್ಬರ ನಡುವೆ ಆ ಮಾತಿಗೆ ಅಭ್ಯಾಸವಿಲ್ಲ. ಆದರೆ ಸಭೆಯಲ್ಲಿ ಭಾಷಣ ಮಾಡಿದವನು ಕೊನೆಗೆ ವಂದನೆ ಸಲ್ಲಿಸಬೇಕೆಂಬುದು ಪದ್ಧತಿ. ಪದ್ಧತಿಯನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಹಾಗಾಗಿ ಅಧ್ಯಕ್ಷರಿಗೆ ವಂದನೆಗಳು. ಮೈಕಿನವರಿಗೆ, ಕುರ್ಚಿ ಜೋಡಿಸಿದವರಿಗೆ, ಕಾಫಿ ಮಾಡಿದ ಹೆಂಗಸರಿಗೆ ವಂದನೆಗಳು. ಸಮಬಲದ ಪಂದ್ಯದ ಆರನೇ ಇನಿಂಗ್ಸ್‌ನಲ್ಲಿ, ತನ್ನ ಆಟಗಾರ ಬ್ಯಾಟಿಗೆ ಬರುವ ಹೊತ್ತಿನಲ್ಲಿ, ಯಾರಿಗೆಂದು ತಿಳಿಯದೆ ಎದ್ದು ನಡೆದುಬಂದ ನಿಸೆಫೊರೊ ಅಲ್ಫಾರೊ ಅವರಿಗೆ ವಂದನೆಗಳು.

'ಅವರು' ಅಂದೆ. ನಾಲಿಗೆಗೆ ಏನೂ ಆಗಲಿಲ್ಲ.

ನಮಸ್ಕಾರ.