ಮಲ್ಲಿಗಕ್ಕನ ಕರಾಟೆ ಕ್ಲಾಸು

ತುಡಿಯಲೂರು ಬಸ್ ಸ್ಟಾಪಿನ ತಮಿಳು ಗದ್ದಲದಲ್ಲಿ ಕನ್ನಡ ಕಿವಿಗೆ ಬಿದ್ದೊಡನೆ ಪದ್ಮಾಕ್ಷಿ ತಿರುಗಿ ನೋಡಿದಳು. ಅಕ್ಕತಂಗಿಯರಿಬ್ಬರು. ಅಕ್ಕನಿಗೆ ಐವತ್ತು ದಾಟಿತ್ತು, ಮೊಣಕೈ ಊದಿತ್ತು.

"ಕರಾಟೆನಾ? ಈ ವಯಸ್ಸಲ್ಲಾ, ಮಲ್ಲಿಗಕ್ಕ?"

"ಆಮಾ ಗೋಕಿಲಾ, ಕರಾಟೆನೇ. ಬಿಳಿ ಡ್ರೆಸ್ಸು, ಬೆಲ್ಟು ಒಂದೂ ಇಲ್ಲ. ಯಾರಾದ್ರೂ ಕೈ ಹಿಡಿದ್ರೆ ಬಿಡಿಸ್ಕೊಳ್ಳೋದು ಹೆಂಗೆ, ಅದನ್ನ ಕಲಿಸ್ತಾರೆ."

"ಎಲ್ಲಾ ಕಾಲೇಜು ಹುಡ್ಗೀರು ಇರ್ತಾರಲ್ಲ, ನಗಲಿಲ್ವಾ?"

"ನಕ್ಕರು. ಮೊದಲ್ನೇ ದಿನ ಕಾಲೆತ್ತಿದೆ, ದಡಾರಂತ ಬಿದ್ದೆ. ನಾನೂ ನಕ್ಕುಬಿಟ್ಟೆ."

"ಆಮೇಲೆ?"

"ಎದ್ದೆ. 'ಬಿಡು ಕೈನ' ಅಂತ ಜೋರಾಗಿ ಕೂಗಿ ಅಂದ್ರು ಟೀಚರು. ದನಿನೇ ಏಳಲಿಲ್ಲ. ಇಷ್ಟು ವರ್ಷದಲ್ಲಿ ನಿಮ್ಮ ಭಾವನ ಎದುರಿಗೆ ನಾನು ಒಂದ್ಸಲನಾದ್ರೂ ಕೂಗಿದೀನಾ, ನೀನೇ ಹೇಳು."

ಗೋಕಿಲಾ ಇಲ್ಲವೆಂದು ತಲೆಯಾಡಿಸಿದಳು.

"ನಿನ್ನೆ ಕೂಗಿದೆ. ಆಮೇಲೆ ಆ ಹುಡ್ಗೀರೇ ಓಡಿಬಂದು ತಬ್ಬಿಕೊಂಡ್ರು."

"ಅಕ್ಕ... ನಾನೂ ಬರ್ಲಾ?"

"ಕೇಳ್ತೀಯಲ್ಲ! ಬಾ."

ಬಸ್ಸು ಬಂತು. ಬಾಗಿಲಿಗೆ ಗಂಡಸರು ಮುತ್ತಿಕೊಂಡಿದ್ದರು.

"ವಳಿ ವಿಡುಂಗ!" ಎಂದು ಕೂಗಿದಳು ಮಲ್ಲಿಗಾ.

ಎಲ್ಲರೂ ದಾರಿ ಬಿಟ್ಟರು. ಅದು ತನ್ನ ಬಸ್ಸಲ್ಲದಿದ್ದರೂ ಪದ್ಮಾಕ್ಷಿ ಕೂಡ ಹಿಂದಕ್ಕೆ ಸರಿದು ನಿಂತಿದ್ದಳು.