ವ್ಯಾಗನ್ ಬಾಗಿಲ ಮೇಲಿನ ಬರಹ

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಮೊಳಕಾಲ್ಮುರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಗಂಡ, ಹೆಂಡತಿ. ಗಂಡ ತೊಡೆಯ ಮೇಲಿನ ಚೀಲ ಬಿಚ್ಚಿದ. ಒಳಗೆ ತಗಡಿನಲ್ಲಿ ಮಾಡಿದ, ಮೊಳದುದ್ದದ ಗೂಡ್ಸ್ ರೈಲಿನ ವ್ಯಾಗನ್. ನೋಡುತ್ತಲೇ ಅವನ ಮುಖ ಬಿಗಿಯಿತು.

“ಗೀತಾ, ಇದನ್ನ ಯಾರು ತೊಳೆದಿದ್ದು?”

“ನಾನೇ. ಮೈಯೆಲ್ಲಾ ತುಕ್ಕು. ಅಪ್ಪಂಗೆ ಅಂಥದ್ದು ಕೊಡಾಕಾಗ್ತೈತಾ?”

“ಆ ತುಕ್ಕು ನಾನು ಬಳಿದಿದ್ದ ಬಣ್ಣ ಕಣೇ! ಬಾಗಿಲ ಮೇಲಿನ ಸೀಮೆಸುಣ್ಣದ ಬರಹನೂ ಹೋಗೈತಲ್ಲ!”

“ಯಾವುದೋ ಗೀಚು ಅಂದ್ಕಂಡೆ.”

“ನಿಮ್ಮಪ್ಪ ಸ್ಟೇಷನ್ನಾಗೆ ಶೇಂಗಾ ಮೂಟೆ ತುಂಬಿದ ಮ್ಯಾಲೆ ವ್ಯಾಗನ್ ಬಾಗಿಲಿಗೆ ‘ಚಳ್ಳಕೆರೆ’ ಅಂತ ಬರೀತಿದ್ರಲ್ಲ, ಅದು. ಹಳೇ ಫೋಟೋ ನೋಡ್ಕಂಡು ಅವರ ಅಕ್ಷರಾನೇ ಇಳಿಸಿದ್ದೆ. ಲಕ್ವ ಹೊಡೆದ ಮ್ಯಾಲೆ ಅವರಿಗೆ ನಮ್ ಯಾರ ಗುರುತೂ ಹತ್ತಾಕಿಲ್ಲ. ಅವರ ಕೈಬರಹ ಆದ್ರೂ ಹತ್ತಲಿ ಅಂತ…”

ಅವಳು ಬರಿದಾದ ಬಾಗಿಲನ್ನು ಬೆರಳಿನಿಂದ ಸವರಿದಳು. ಬಸ್ಸು ಬಂತು. ವ್ಯಾಗನ್ ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು.

“ಕೊಂಡ್ಲಹಳ್ಳೀಲಿ ಇಳಿದು, ಅಪ್ಪನ ಮನೆಗೆ ಹೋಗಾಕ್ ಮುಂಚೆ ಸೀಮೆಸುಣ್ಣ ತಗಳ್ರಿ. ಅಪ್ಪನ ಕೈಲೇ ಬರೆಸಾನ.”

“ಕೈ ನಡುಗುತ್ತಲ್ಲೇ ಅವರಿಗೆ.”

“ಅಪ್ಪ ಹೊಂಟ ಗಾಡಿ ಜತೆ ಓಡ್ಕಂತ ಬರೀತಿದ್ದ. ಆಗ ಬಾಗಿಲೇ ನಡುಗ್ತಿತ್ತು.”

ಇಬ್ಬರೂ ಬಸ್ಸು ಹತ್ತಿದರು.