ಒಂದೇ ಹೆಜ್ಜೆಯ ಪದ

ನಿಘಂಟು ಕಚೇರಿಯ ಗೆಳೆಯರೇ, ಮುಂದಿನ ಸಾಲಿನಲ್ಲಿ ಕೂತಿರುವ ಭಾವನವರೇ, ಅವರ ಮಗಳೇ — ಎಲ್ಲರಿಗೂ ನಮಸ್ಕಾರ.

ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ನಮ್ಮ ಸಂಪಾದಕಿ ಇನ್ನಿಲ್ಲ. ನಾನು ಕರಡು ತಿದ್ದುವವನು. ತಪ್ಪು ಕಂಡರೆ ಕೈ ತಾನಾಗಿ ಪೆನ್ನು ಹುಡುಕುತ್ತದೆ. ‘ಅಕ್ಕ ಇನ್ನಿಲ್ಲ’ ಎಂಬ ಈ ವಾಕ್ಯದಲ್ಲಿ — ಎಲ್ಲಿ ತಿದ್ದಲಿ, ಹೇಳಿ?

ಊಟವಾದ ಮೇಲೆ ನಮ್ಮ ಉದ್ದನೆಯ ಕೋಣೆಗೆ ಒಂದು ಮಂಪರು ಕವಿಯುತ್ತಿತ್ತಲ್ಲ — ಫ್ಯಾನು ಗುನುಗುತ್ತ, ಬಿಸಿಲು ಮೇಜಿನಿಂದ ಮೇಜಿಗೆ ಸರಿಯುತ್ತ. ಅಂಥ ಹೊತ್ತಿನಲ್ಲಿ ಅಕ್ಕ ‘ಲಾಕ್‌ಸ್ಟೆಪ್’ ಎಂಬ ಇಂಗ್ಲಿಷ್ ಪದ ಹಿಡಿದು ಕೂತಿದ್ದರು. ಹಿಂದೆ ಕೈದಿಗಳನ್ನು ಒಬ್ಬರಿಗೊಬ್ಬರು ಅಂಟಿಸಿದಂತೆ ನಿಲ್ಲಿಸಿ, ಒಂದೇ ಹೆಜ್ಜೆಯಲ್ಲಿ ನಡೆಸುತ್ತಿದ್ದರಂತೆ. ಈಗ, ಯೋಚಿಸದೆ ಎಲ್ಲರೂ ಒಂದೇ ದಾರಿ ಹಿಡಿದರೆ ಆ ಪದ ಬಳಸುತ್ತಾರೆ. ಹೆಚ್ಚಾಗಿ ಬೈಯುವುದಕ್ಕೇ.

“ಏಳ್ರೋ, ನಡೆದು ನೋಡೋಣ” ಅಂದರು ಅಕ್ಕ.

ಹೊರಗೆ ಮೊಗಸಾಲೆಯಲ್ಲಿ ಸಾಲು ನಿಂತೆವು. ಮುಂದೆ ಟೈಪಿಸ್ಟು, ಹಿಂದೆ ನಾನು, ನನ್ನ ಹೆಗಲ ಮೇಲೆ — ಹೀಗೆ — ಅಕ್ಕನ ಎರಡೂ ಕೈ. ನಾಲ್ಕು ಹೆಜ್ಜೆ ಹಾಕಿದೆವೋ ಇಲ್ಲವೋ, ಟೈಪಿಸ್ಟರ ಚಪ್ಪಲಿ ನನ್ನ ಕಾಲಡಿ! ಎಲ್ಲರೂ ಗೋಡೆಗೆ. ನಕ್ಕು ನಕ್ಕು ಸುಸ್ತಾದೆವು. ಅಕ್ಕ ಮಾತ್ರ ತಟ್ಟನೆ ನಗು ನಿಲ್ಲಿಸಿ ಅಂದರು, “ಮುಂದಿರೋರ ಕುತ್ತಿಗೆ ಬಿಟ್ಟು ಬೇರೇನೂ ಕಾಣಲ್ವಲ್ಲೋ. ಮುಖಾನೇ ಇಲ್ಲ.”

ಪದದ ಅರ್ಥ ಅಲ್ಲೇ ಸಿಕ್ಕಿತು, ಅಕ್ಕ ಬರೆದುಕೊಂಡರು. ಆದರೂ ಅದರ ಕೆಳಗೆ ಎರಡನೆಯ ಅರ್ಥವೊಂದನ್ನು ಸೇರಿಸಿದರು: ‘ಪ್ರೀತಿಯಿಂದ ಹೆಜ್ಜೆ ಹೊಂದಿಸಿಕೊಂಡು ನಡೆಯುವುದು.’

ಭಾವನವರ ಬಲಗಾಲು ಸೋತ ಮೇಲೆ, ದಿನವೂ ಸಂಜೆ ಇಬ್ಬರೂ ಕಚೇರಿಯ ಮುಂದೆ ನಡೆದು ಹೋಗುತ್ತಿದ್ದರು. ಗಾಳಿಯಂತೆ ಓಡಾಡುತ್ತಿದ್ದ ಅಕ್ಕ ಆ ಹೊತ್ತಿಗೆ ಎಷ್ಟು ನಿಧಾನವಾಗುತ್ತಿದ್ದರೆಂದರೆ, ಕಿಟಕಿಯಿಂದ ನೋಡುವ ನನಗೆ ಇಡೀ ಬೀದಿಯೇ ನಿದ್ದೆಯಲ್ಲಿ ತೇಲುತ್ತಿದೆ ಅನ್ನಿಸುತ್ತಿತ್ತು.

“ಅಕ್ಕ, ಈ ಅರ್ಥದಲ್ಲಿ ಯಾರು ಬಳಸಿದ್ದಾರೆ?” ಅಂತ ಕೇಳಿದೆ. ಅದು ನನ್ನ ಕೆಲಸ.

“ಯಾರೂ ಇಲ್ಲ ಕಣೋ. ಅದು ನನ್ನಾಸೆ, ಅಷ್ಟೆ.” ಆ ಸಾಲನ್ನು ತಾವೇ ಹೊಡೆದು ಹಾಕಿದರು. “ಆಸೇನೆಲ್ಲ ಅರ್ಥ ಅಂತ ಅಚ್ಚು ಹಾಕೋಕಾಗುತ್ತಾ? ನಮ್ಮ ನಡಿಗೆಗೆ ಹೆಸರು ಬೇಡ ಬಿಡು.”

ಅಕ್ಕ ಹೋದಂದಿನಿಂದ ಭಾವ ಮನೆಯಿಂದ ಹೊರಗೆ ಬಂದಿರಲಿಲ್ಲ. ನಾನು ಜೊತೆಗೆ ಬರುತ್ತೇನೆ ಎಂದರೆ, “ನಿಮ್ಮದೆಲ್ಲ ಜೋರು ನಡಿಗೆಯಪ್ಪಾ, ನನಗೋಸ್ಕರ ಯಾಕೆ ಕಷ್ಟ” ಎಂದು ಬಾಗಿಲು ಹಾಕಿಕೊಂಡರು. ಇವತ್ತು ಬಂದಿದ್ದಾರೆ. ನನಗೆ ಎಷ್ಟು ಸಂತೋಷವಾಗಿದೆ ಎಂದು ಹೇಳಲಾರೆ. ನಾಳೆಯೂ ಬರುತ್ತಾರಾ — ನನಗಿರುವ ಚಿಂತೆ ಅದೊಂದೇ.

ಈಗ ಅಕ್ಕನಿಗಾಗಿ ಎದ್ದು ನಿಂತು ಮೌನವಾಗಿರೋಣ. ಒಂದು ಮಾತು — ನಾನು ಹೇಳಿದೆನೆಂದು ಎಲ್ಲರೂ ದಡಬಡನೆ ಒಟ್ಟಿಗೆ ಏಳಬೇಡಿ. ಭಾವನವರು ಮೊದಲು ಏಳಲಿ. ಅವರು ನಿಂತ ಮೇಲೆ ನಾವು.

ನಿಧಾನ, ಭಾವ. ನಮಗೇನೂ ಅವಸರವಿಲ್ಲ.